ಉಪ್ಪಾಗೆ ಸಿಪ್ಪೆ ಕ್ಯಾಪ್ಸೂಲ್ ಆದ ಬಗೆ

ಭದ್ರಾವತಿಯ ಎರಡು ಕಾರ್ಖಾನೆಗಳಿಗೂ ಮಲೆನಾಡಿನ ಕಾಡೆಂದರೆ ಮರದ ತೂಕವಾಗಿತ್ತು. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ ಇದ್ದಿಲನ್ನು ನಂಬಿತ್ತು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಮೊದಲು ಬಿದಿರು ಕೇಳಿತು. 1980ರಲ್ಲಿ 40 ವರ್ಷದ ಗುತ್ತಿಗೆಗೆ ಅರಣ್ಯಭೂಮಿ ಪಡೆದು ಅಕೇಶಿಯಾ, ನೀಲಗಿರಿ ಬೆಳೆಸಿತು. ಇದೇ ಶಿವಮೊಗ್ಗ ಜಿಲ್ಲೆಯ ಪಡುವಣ ಅಂಚಿನಲ್ಲಿ, ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ದಟ್ಟ ಕಾಡಿನಲ್ಲಿ, ಈ ಲೆಕ್ಕಕ್ಕೆ ಸಿಗದ ಒಂದು ಮರವಿತ್ತು. ಅದರ ಹಣ್ಣಿನ ಸಿಪ್ಪೆಯ ಸುದ್ದಿ ನ್ಯೂಯಾರ್ಕಿನ ಆಸ್ಪತ್ರೆಗೂ ಅಮೆರಿಕದ ಸೆನೆಟ್ಟಿಗೂ ಹೋಯಿತು. ಈಗ ಅದರ ಸತ್ವ ಶಿವಮೊಗ್ಗದ ದುರ್ಗಿಗುಡಿಯಲ್ಲೂ ಭದ್ರಾವತಿಯ ಬಿ.ಎಚ್. ರಸ್ತೆಯಲ್ಲೂ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಸಿಗುತ್ತದೆ. ಡಬ್ಬಿಯ ಮೇಲೆ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂದಿರುತ್ತದೆ. ನಮ್ಮ ಉಪ್ಪಾಗೆಯೇ ಅದು.

ಉಪ್ಪಾಗೆ ಮುರುಗಲಿನ ಹತ್ತಿರದ ಸಂಬಂಧಿ. ಹಣ್ಣು ಪುಟ್ಟ ಸಿಹಿಗುಂಬಳದ ಹಾಗೆ ಏಣುಏಣಾಗಿ, ಮಾಗಿದಾಗ ಹಳದಿ. ತೊಂದರೆಯೆಂದರೆ ಅದು ಮಾಗುವುದು ಜಡಿಮಳೆಯಲ್ಲೇ. ಬೀಜಕ್ಕೆ ಅಂಟಿದ ತಿರುಳು ಮಂಗಗಳ ಪಾಲು. ಮನುಷ್ಯರಿಗೆ ಬೇಕಾದದ್ದು ಸಿಪ್ಪೆ ಮತ್ತು ಬೀಜ. ಹೊಗೆಯಲ್ಲಿ ಒಣಗಿ ಕಪ್ಪಾದ ಸಿಪ್ಪೆ ಹುಣಸೆಹಣ್ಣಿನ ಬದಲು ಅಡುಗೆಗೆ ಬೀಳುತ್ತದೆ. ಕೇರಳದಲ್ಲಿ ಅದು ಕುಡಂಪುಳಿ, ಮೀನುಸಾರಿಗೆ ಇಲ್ಲದಿದ್ದರೆ ಆಗದು. ಕೊಡಗಿನಲ್ಲಿ ರಸವನ್ನು ಕಪ್ಪಗಾಗುವವರೆಗೆ ಕಾಯಿಸಿ ಕಾಚಂಪುಳಿ ಮಾಡುತ್ತಾರೆ; ಪಂದಿಕರಿಯ ರುಚಿ ನಿಂತಿರುವುದು ಅದರ ಮೇಲೆ. ಬೀಜವನ್ನು ಒಣಗಿಸಿ, ಜಜ್ಜಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಅದನ್ನು ಎತ್ತಿಟ್ಟರೆ ಉಪ್ಪಾಗೆ ತುಪ್ಪ. ಚಳಿಗೆ ಗಟ್ಟಿಯಾಗಿ ಕೂರುತ್ತದೆ, ದೋಸೆಗೆ ಚೆನ್ನಾಗಿರುತ್ತದೆ. ಕಾಡಂಚಿನ ಮನೆಗಳಲ್ಲಿ ಕೊಬ್ಬು ಕೊಡುತ್ತಿದ್ದ ಹಣ್ಣೇ ಪೇಟೆಯಲ್ಲಿ ಕೊಬ್ಬು ಕರಗಿಸುವ ಹಣ್ಣಾದದ್ದು ನನಗೆ ಇಡೀ ಕಥೆಯಲ್ಲಿ ಬಲು ಇಷ್ಟವಾದ ತಿರುವು.

ತಿರುವಿನ ಮೊದಲ ಹೆಜ್ಜೆ ಬಿದ್ದದ್ದು ಮೈಸೂರಿನಲ್ಲಿ. ಈ ಸಿಪ್ಪೆಯ ಹುಳಿ ನಿಂಬೆ, ಹುಣಸೆಯಲ್ಲಿರುವ ಆಮ್ಲಗಳದ್ದೇ ಎಂದು ಅದುವರೆಗೆ ತಿಳಿದಿದ್ದರು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್, ಇದರಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟರು. ಅದು ಆಹಾರ ರಸಾಯನದ ಒಂದು ಸಣ್ಣ ಪ್ರಬಂಧ. ತೂಕ ಇಳಿಸುವ ಮಾತು ಅಲ್ಲಿರಲಿಲ್ಲ. ಆ ಮಾತು ಹುಟ್ಟಿದ್ದು 1969ರಲ್ಲಿ, ಬಾಸ್ಟನ್ ಬಳಿಯ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ. ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಈ ಆಮ್ಲ ನಮ್ಮ ಜೀವಕೋಶದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು ಕಂಡರು. ಉಂಡ ಅನ್ನ, ಸಕ್ಕರೆ ಮಿಕ್ಕಾಗ ಅದನ್ನು ಕೊಬ್ಬಾಗಿ ಮಾರ್ಪಡಿಸುವ ದಾರಿಯಲ್ಲಿ ಈ ಕಿಣ್ವ ಬೇಕು. ದಾರಿ ಮುಚ್ಚಿದರೆ ಕೊಬ್ಬೇ ಕಟ್ಟುವುದಿಲ್ಲ ಎಂಬ ಆಸೆ ಮೂಡಿತು. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿ ಇಲಿಗಳ ಮೇಲೆ ಪ್ರಯೋಗಿಸಿತು. ಇಲಿಗಳು ಕಡಿಮೆ ತಿಂದವು, ಕಡಿಮೆ ಕೊಬ್ಬಿದವು.

ಮನುಷ್ಯನ ಸಂಗತಿ ಬೇರೆ. ನಮ್ಮ ಮೈಯ ಕೊಬ್ಬಿನ ದೊಡ್ಡ ಪಾಲು ಸಕ್ಕರೆಯಿಂದ ಹೊಸದಾಗಿ ತಯಾರಾದದ್ದಲ್ಲ. ತಿಂದ ಎಣ್ಣೆ ತುಪ್ಪವೇ ನೇರವಾಗಿ ಹೋಗಿ ಶೇಖರವಾಗುತ್ತದೆ. ಜನ ಹೆಚ್ಚು ನಡೆಯದ ದಾರಿಯನ್ನು ಮುಚ್ಚಿ ಏನು ಲಾಭ?

ವ್ಯಾಪಾರ ಈ ಪ್ರಶ್ನೆಗೆ ಕಾಯಲಿಲ್ಲ. 1994ರಲ್ಲಿ ಅಮೆರಿಕ ಆಹಾರ ಪೂರಕಗಳಿಗೆ ಹೊಸ ಕಾನೂನು ತಂದಿತು. ಔಷಧಿಯಂತೆ ಪರಿಣಾಮವನ್ನು ಮೊದಲೇ ರುಜುವಾತು ಮಾಡಿ ಅನುಮತಿ ಪಡೆಯಬೇಕೆಂಬ ಕಟ್ಟುಪಾಡು ಪೂರಕಗಳಿಗಿಲ್ಲ ಎಂದಾಯಿತು. ಬೆಂಗಳೂರಿನ ಸಾಮಿ ಲ್ಯಾಬ್ಸ್ ಮತ್ತು ಅದರ ಅಮೆರಿಕದ ಸೋದರಸಂಸ್ಥೆ ಸಬಿನ್ಸಾ ಉಪ್ಪಾಗೆ ಸತ್ವವನ್ನು ‘ಸಿಟ್ರಿನ್’ ಹೆಸರಿನಲ್ಲಿ ಮಾರಿದವು. ಘಟ್ಟದ ಮೇಲೆ ಸಿಪ್ಪೆಗೆ ಎಂದೂ ಕಾಣದ ಬೆಲೆ ಬಂತು. ಮನೆಬಳಕೆಗೆ ಹೆಕ್ಕುತ್ತಿದ್ದ ಹಣ್ಣಿಗೆ ಗುತ್ತಿಗೆದಾರರು, ದಲ್ಲಾಳಿಗಳು ಬಂದರು. ಕಾಡಿನ ಮರಕ್ಕೆ ಯಜಮಾನನಿಲ್ಲ. ಮಾಗಲಿ ಎಂದು ಬಿಟ್ಟವನಿಗೆ ಹಣ್ಣಿಲ್ಲ. ಹಾಗಾಗಿ ಕಾಯಿರುವಾಗಲೇ ಕಿತ್ತರು, ಕೆಲವೆಡೆ ಕೊಂಬೆಯನ್ನೇ ಕಡಿದರು. ಇನ್ನೊಂದು ಪೆಟ್ಟು ಬಿದ್ದದ್ದು ಸೌದೆಗೆ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ತಟ್ಟಿಯ ಮೇಲೆ ಹರವಿ ಕೆಳಗೆ ದಿನಗಟ್ಟಲೆ ಬೆಂಕಿ ಹಾಕಬೇಕು. ಹಣ್ಣಿನಿಂದ ಬೆಲೆ ಪಡೆದ ಮರಕ್ಕಾಗಿ ಅಕ್ಕಪಕ್ಕದ ಮರಗಳು ಒಲೆಗೆ ಹೋದವು. ಕಾಡು ಕಡಿದದ್ದು ಭದ್ರಾವತಿ ಮಾತ್ರ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡಿಮೆ ಸೌದೆಯ ಒಣಗಿಸುವ ಒಲೆಗಳು ಬಂದದ್ದು ಆಮೇಲೆ.

1998ರ ನವೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರ ವರದಿ ಬಂತು. ನ್ಯೂಯಾರ್ಕಿನಲ್ಲಿ ಸ್ಥೂಲಕಾಯದ 135 ಮಂದಿಗೆ 12 ವಾರ ಪಥ್ಯದ ಊಟ. ಅರ್ಧದಷ್ಟು ಜನರಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಉಳಿದವರಿಗೆ ಸತ್ವವಿಲ್ಲದ ಹುಸಿಮಾತ್ರೆ. ಉಪ್ಪಾಗೆ ತಿಂದವರು ಸರಾಸರಿ 3.2 ಕಿಲೊ ಇಳಿದರು. ಹುಸಿಮಾತ್ರೆ ತಿಂದವರು 4.1 ಕಿಲೊ. ಈ ಅಂತರ ಗಣನೆಗೆ ಬರುವಂಥದ್ದಲ್ಲ, ಅಂದರೆ ಇಳಿಸಿದ್ದು ಪಥ್ಯ. ಅಲ್ಲಿಗೆ ಮುಗಿಯಬೇಕಿತ್ತು. 2012ರಲ್ಲಿ ಅಮೆರಿಕದ ಟಿವಿ ವೈದ್ಯ ಮೆಹ್ಮೆತ್ ಓಜ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಕೊಂಡಾಡಿದ್ದೇ ತಡ, ಮತ್ತೆ ಸಂತೆ ನೆರೆಯಿತು. 2014ರ ಜೂನ್‌ನಲ್ಲಿ ಸೆನೆಟ್ ಉಪಸಮಿತಿಯ ಕ್ಲೇರ್ ಮೆಕ್ಯಾಸ್ಕಿಲ್, ಓಜ್ ಅವರನ್ನು ಎದುರಿಗೆ ಕೂರಿಸಿಕೊಂಡು ಈ ಹೊಗಳಿಕೆಯ ಬಗ್ಗೆಯೇ ಪ್ರಶ್ನೆ ಹಾಕಿದರು.

ನಡುವೆ ಪಿತ್ತಜನಕಾಂಗದ ದೂರುಗಳೂ ಬಂದವು. ಗಾರ್ಸೀನಿಯಾವೂ ಸೇರಿ ಹಲವು ಪದಾರ್ಥ ಬೆರೆಸಿದ ‘ಹೈಡ್ರಾಕ್ಸಿಕಟ್’ ಮಾತ್ರೆಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ, ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ 2009ರ ಮೇ ತಿಂಗಳಲ್ಲಿ ಎಚ್ಚರಿಸಿತು. ಅದರ ಮುಂದಿದ್ದದ್ದು 23 ವರದಿಗಳು, ಅವುಗಳಲ್ಲಿ ಒಂದು ಸಾವು. ಆ ಬೆರಕೆಯಲ್ಲಿ ಯಾವುದು ಕಾರಣವೆಂದು ಆಗ ಬಿಡಿಸಿ ಹೇಳಲಾಗಲಿಲ್ಲ. ಗಾರ್ಸೀನಿಯಾ ಒಂದನ್ನೇ ತಿಂದು ಕಾಮಾಲೆಯಾದ ಪ್ರಕರಣಗಳು ಆಮೇಲೆ ದಾಖಲಾದವು. ಅಪರೂಪ, ನಿಜ. ಆದರೆ ಉಪಯೋಗವೇ ಕಾಣದ ಮಾತ್ರೆಗೆ ಅಪರೂಪದ ಅಪಾಯವೂ ದುಬಾರಿಯೇ. ಸಾರಿಗೆ ಹಾಕುವ ಒಂದೆರಡು ಚೂರು ಸಿಪ್ಪೆಗೂ ಶೇಕಡಾ 50, 60ರ ಸತ್ವವನ್ನು ದಿನವೂ ನುಂಗುವುದಕ್ಕೂ ಹೋಲಿಕೆಯಿಲ್ಲ. ಸಾರು ಉಣ್ಣುವವರು ಹೆದರಬೇಕಿಲ್ಲ.

ಔಷಧಿ ಅಂಗಡಿಯಲ್ಲಿ ಉಪ್ಪಾಗೆ ಕ್ಯಾಪ್ಸೂಲಿನ ನೆರೆಯಲ್ಲೇ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲೂ ಇರುತ್ತದೆ. ಉತ್ತರ ಅಮೆರಿಕದ, ಸಂಜೆ ಅರಳುವ ಹಳದಿ ಹೂವಿನ ಬೀಜದೆಣ್ಣೆ ಅದು. ಅದರ ಕಥೆ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿತ್ತು: ಬ್ರಿಟನ್ನಿನಲ್ಲಿ ಇಸುಬಿಗೂ ಸ್ತನನೋವಿಗೂ ಔಷಧಿಯಾಗಿಯೇ ಪರವಾನಗಿ ಸಿಕ್ಕಿತ್ತು. ಕೆಲಸ ಮಾಡುವುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು 2002ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಔಷಧಿಯ ಪಟ್ಟ ಹೋದರೂ ಆಹಾರ ಪೂರಕದ ಪಟ್ಟ ಉಳಿಯಿತು, ಮಾರಾಟ ನಿಲ್ಲಲಿಲ್ಲ. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2016ರ ನಿಯಮಗಳ ಪ್ರಕಾರ ಇಂಥ ಪೂರಕಗಳು ಆಹಾರದ ಸಾಲಿಗೇ ಸೇರುತ್ತವೆ. ಔಷಧೀಯ ಬಳಕೆಗಲ್ಲ ಎಂದು ಡಬ್ಬಿಯ ಮೇಲೆ ಅಚ್ಚಾಗಿರಬೇಕು. ಔಷಧಿ ಅಂಗಡಿಗೆ ಹೋಗಿ, ಔಷಧಿಯಲ್ಲ ಎಂದು ಬರೆದದ್ದನ್ನು ಔಷಧಿಯೆಂದು ಕೊಂಡು ತರುತ್ತೇವೆ.

ಬೆಳೆಯುವವರ ಮಾತು ಬೇರೆ. ಅಮೆರಿಕದ ಟಿವಿ ನೋಡಿ ಏರುವ ಬೆಲೆ ಇಳಿಯುವುದೂ ಹಾಗೆಯೇ. ಕೇರಳದ ಅಡುಗೆಮನೆಯ ಬೇಡಿಕೆ ಅಷ್ಟು ಚಂಚಲವಲ್ಲ. ಹೀಗಾಗಿ ಅಡಿಕೆ ತೋಟದ ಅಂಚಿಗೆ, ಬೆಟ್ಟಕ್ಕೆ ಉಪ್ಪಾಗೆ ಹಾಕುವವರು ಕ್ಯಾಪ್ಸೂಲನ್ನು ಮರೆತು ಮೀನುಸಾರನ್ನು ನೆನೆಯುವುದು ಲೇಸು. ಬೀಜದಿಂದ ಬಂದ ಗಿಡ ಫಲಕ್ಕೆ ಹತ್ತು ವರ್ಷವಾದರೂ ಕಾಯಿಸುತ್ತದೆ. ಗಂಡು ಹೆಣ್ಣು ಬೇರೆ ಬೇರೆ ಮರವಾದ್ದರಿಂದ ಅಷ್ಟು ಕಾದ ಮೇಲೆ ಗಂಡಾಗಿಬಿಟ್ಟರೆ ಕಾಯಿಯೇ ಇಲ್ಲ. ಕಸಿ ಗಿಡ ಬೇಗ ಬಿಡುತ್ತದೆ. ನರ್ಸರಿಯಲ್ಲಿ ಹೆಣ್ಣುಮರದ ಕಸಿಯೇ ಎಂದು ಕೇಳಿ ಕೊಳ್ಳಿ. ಹತ್ತಿರದಲ್ಲಿ ಗಂಡುಮರ ಇಲ್ಲದಿದ್ದರೆ ಒಂದೆರಡು ಅದನ್ನೂ ಹಾಕಿ.