ರಾಕ್ ಸಂಗೀತದ ವಿಮರ್ಶಕರು: ಅವರ ಗುಣ, ಅವರ ದೋಷ

ಹೋಟೆಲಿನಲ್ಲಿ ಸಾಂಬಾರಿನ ರುಚಿ ನೋಡುವವನಿಗೆ ಅಡಿಗೆ ಬಾರದಿದ್ದರೂ ಅಡ್ಡಿಯಿಲ್ಲ. ನಾಲಗೆ ಇರಬೇಕು, ಅಡಿಗೆಯವನ ಮುಲಾಜು ಇರಬಾರದು. ಅಮೇರಿಕದ ರಾಕ್ ಸಂಗೀತದ ವಿಮರ್ಶಕರನ್ನು ನಾವು ಅಳೆಯುವುದೂ ಇದೇ ಕೋಲಿನಿಂದ. ಗಿಟಾರಿನ ಅಬ್ಬರಕ್ಕೆ ಕಿವಿ ಮುಚ್ಚಿಕೊಳ್ಳುವ ವಾಚಕರೂ ಇದನ್ನು ಓದಬಹುದು, ಇಲ್ಲಿ ಸದ್ದಿಲ್ಲ.

ಈ ವಿಮರ್ಶೆಗೆ ವಯಸ್ಸು ಹೆಚ್ಚಿಲ್ಲ. 1966ರಲ್ಲಿ ಪಾಲ್ ವಿಲಿಯಮ್ಸ್ ಎಂಬ ಹದಿನೇಳು ವರುಷದ ಕಾಲೇಜು ವಿದ್ಯಾರ್ಥಿಯು ‘ಕ್ರಾಡ್ಯಾಡಿ’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಮರುವರುಷ ಸಾನ್ ಫ್ರಾನ್ಸಿಸ್ಕೋದಲ್ಲಿ ‘ರೋಲಿಂಗ್ ಸ್ಟೋನ್’ ಹುಟ್ಟಿತು. ಹುಡುಗರ ಹುಚ್ಚೆಂದು ಹಿರಿಯರು ತಳ್ಳಿದ್ದ ಸಂಗೀತವನ್ನು ಗಂಭೀರವಾಗಿ ಕೇಳಿ, ಅದರ ಬೇರು ಕಪ್ಪು ಜನರ ಬ್ಲೂಸ್ ಗಾಯನದಲ್ಲಿದೆಯೆಂದು ಓದುಗರಿಗೆ ತಿಳಿಯಪಡಿಸಿದ ಪುಣ್ಯ ಇವರದು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ನಲ್ಲಿ ರಾಬರ್ಟ್ ಕ್ರಿಸ್ಟಗೌ ಎಂಬವರು 1969ರಿಂದ ಶಾಲೆಯ ಮಾಸ್ತರರಂತೆ ರೆಕಾರ್ಡುಗಳಿಗೆ ದರ್ಜೆ ಕೊಡತೊಡಗಿದರು. ನಗುವಂತಿಲ್ಲ. ತಿಂಗಳ ಪಗಾರದಲ್ಲಿ ಒಂದೇ ರೆಕಾರ್ಡು ಕೊಳ್ಳಬಲ್ಲ ಗುಮಾಸ್ತನಿಗೆ ನಾಲ್ಕು ಸಾಲಿನಲ್ಲಿ ‘ಕೊಳ್ಳು’, ‘ಬಿಡು’ ಎಂದು ಹೇಳುವುದು ಸಣ್ಣ ಉಪಕಾರವಲ್ಲ.

ಇನ್ನು ದೋಷ. 1969ರಲ್ಲಿ ಲೆಡ್ ಝೆಪ್ಲಿನ್ ತಂಡದ ಪ್ರಥಮ ರೆಕಾರ್ಡನ್ನು ‘ರೋಲಿಂಗ್ ಸ್ಟೋನ್’ ಹೀಗಳೆಯಿತು. 2003ರಲ್ಲಿ ಅದೇ ಪತ್ರಿಕೆಯು ಸರ್ವಶ್ರೇಷ್ಠ 500 ರೆಕಾರ್ಡುಗಳ ಪಟ್ಟಿಯಲ್ಲಿ ಅದನ್ನು 29ನೆಯ ಸ್ಥಾನದಲ್ಲಿ ಕುಳ್ಳಿರಿಸಿತು. ನಾಲಗೆ ಒಮ್ಮೊಮ್ಮೆ ತಪ್ಪುವುದು ಸಹಜ, ಅದನ್ನು ಕ್ಷಮಿಸೋಣ. ಲೆಸ್ಟರ್ ಬ್ಯಾಂಗ್ಸ್ ಎಂಬವರು ಎಂ.ಸಿ. ಫೈವ್ ತಂಡವನ್ನು ಮೊದಲು ಜರೆದು, ಮುಂದೆ ಅದರ ಅಭಿಮಾನಿಯೇ ಆದರು. ಸಂಗೀತಗಾರರಿಗೆ ಅಗೌರವ ತೋರಿದರೆಂದು 1973ರಲ್ಲಿ ‘ರೋಲಿಂಗ್ ಸ್ಟೋನ್’ ಅವರಿಗೆ ಬಾಗಿಲು ಮುಚ್ಚಿತು. ವಿಮರ್ಶಕನ ಅಗೌರವಕ್ಕಿಂತ ಪತ್ರಿಕೆಯ ಈ ಅತಿಗೌರವವೇ ಓದುಗನಿಗೆ ಹೆಚ್ಚು ಅಪಾಯಕರವೆಂದು ನಮ್ಮ ಅಭಿಪ್ರಾಯ.

ಜಾನ್ ಲ್ಯಾಂಡೌರವರ ಪ್ರಕರಣವು ಮತ್ತಷ್ಟು ಸೂಕ್ಷ್ಮವಾದುದು. 1974ರಲ್ಲಿ ಇವರು ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ರ ಗಾಯನವನ್ನು ಕೇಳಿ, ರಾಕ್ ಸಂಗೀತದ ಭವಿಷ್ಯವನ್ನೇ ಕಂಡೆನೆಂಬರ್ಥದಲ್ಲಿ ಬರೆದರು. ರೆಕಾರ್ಡು ಕಂಪೆನಿಯು ಆ ಮಾತನ್ನು ಜಾಹೀರಾತಿಗೆ ಎತ್ತಿಕೊಂಡಿತು. 1975ರ ‘ಬಾರ್ನ್ ಟು ರನ್’ ರೆಕಾರ್ಡಿಗೆ ಲ್ಯಾಂಡೌರವರೇ ಸಹನಿರ್ಮಾಪಕರು; ತರುವಾಯ ಗಾಯಕರ ಮ್ಯಾನೇಜರರೂ ಆದರು. ರುಚಿ ನೋಡಲು ಬಂದವರು ಹೋಟೆಲಿನ ಪಾಲುದಾರರಾದಂತಾಯಿತು! ಅವರ ಮೆಚ್ಚುಗೆ ಪ್ರಾಮಾಣಿಕವಾಗಿತ್ತು, ಕಾಲವು ಅದನ್ನು ನಿಜಗೊಳಿಸಿತು ಕೂಡ. ಆದರೆ ಗಲ್ಲಾಪೆಟ್ಟಿಗೆಯ ಬಳಿ ಕುಳಿತವನು ದೋಸೆಯನ್ನು ಹೊಗಳಿದರೆ ಗಿರಾಕಿ ನಂಬುವನೆ? ಕಂಪೆನಿಗಳು ಪುಕ್ಕಟೆಯಾಗಿ ಕಳುಹಿಸುವ ರೆಕಾರ್ಡುಗಳ ಮಾತೂ ಇಷ್ಟೇ. (ಪತ್ರಿಕೆಯವರಿಗೆಂದು ಕಾಫಿಯ ಬಿಲ್ಲು ಮನ್ನಾ ಮಾಡುವ ಮಾಲಕರ ಉದ್ದೇಶವನ್ನು ನಾವು ಎರಡೂ ಬದಿಯಿಂದ ಬಲ್ಲೆವು.)

ಕ್ರಿಸ್ಟಗೌರವರನ್ನು ‘ವಿಲೇಜ್ ವಾಯ್ಸ್’ 2006ರಲ್ಲಿ ಕೆಲಸದಿಂದ ತೆಗೆಯಿತು. ಅವರು ಬೇರೆಡೆ ಕುಳಿತು ದರ್ಜೆ ಕೊಡುವುದನ್ನು ಮುಂದುವರಿಸಿದರು.