ಓಣಿಯಿಂದ ತಗಡಿನ ಶೆಡ್ಡಿಗೆ: ಡಾನ್ ಬಾಸ್ಕೋ ಬಳಗದ ಮುಂದಿನ ದಾರಿ

ಬೆಂಗಳೂರಿನ ಬಳ್ಳಾರಿ ರಸ್ತೆಯಿಂದ ಪೂರ್ವಕ್ಕೆ ಹೊರಳಿದರೆ ಸಿಗುವ ಅಮೃತಹಳ್ಳಿಯಲ್ಲಿ ಹಳೆಯ ಕೆರೆ ಇನ್ನೂ ಇದೆ. ಅದರ ಸುತ್ತಲಿನ ಊರು ಮಾತ್ರ ಪೂರ್ತಿ ಬೇರೆಯಾಗಿದೆ. ನಾಗವಾರದ ಬಳಿ ಮಾನ್ಯತಾ ಟೆಕ್ ಪಾರ್ಕ್ ಬೆಳೆಯಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಹೆಬ್ಬಾಳದಿಂದ ಯಲಹಂಕದವರೆಗಿನ ಹೊಲ, ತೋಟಗಳು ಬಡಾವಣೆಗಳಾದವು, ಗಲ್ಲಿಗಲ್ಲಿಯಲ್ಲಿ ಪೀಜಿಗಳು ಎದ್ದವು, ಕಟ್ಟುತ್ತಿರುವ ಕಟ್ಟಡಗಳ ಮಗ್ಗುಲಲ್ಲಿ ತಗಡಿನ ಶೆಡ್ಡುಗಳು ಬಂದವು. ಗಾರೆ ಮೇಸ್ತ್ರಿಯ ಕೈಕೆಳಗೆ ದುಡಿಯುವ ಹುಡುಗ, ಬೈಕಿನಲ್ಲಿ ಊಟ ತಲುಪಿಸುವವನು, ಅಪಾರ್ಟ್‌ಮೆಂಟಿನ ಗೇಟು ಕಾಯುವವನು, ಮನೆಗೆಲಸಕ್ಕೆ ಹೋಗುವ ಹುಡುಗಿ: ಈ ಹೊಸ ಊರನ್ನು ಕಟ್ಟುತ್ತಿರುವವರಲ್ಲಿ, ನಡೆಸುತ್ತಿರುವವರಲ್ಲಿ ದೊಡ್ಡ ಪಾಲು ಯುವಜನರದು. ಯುವಜನರಿಗಾಗಿಯೇ ಹುಟ್ಟಿದ ಕಥೋಲಿಕ ಧರ್ಮಸಭೆಯೊಂದು ಬೆಂಗಳೂರಿನಲ್ಲಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ದುಡಿಯುತ್ತಿದೆ. ಅದರ ನಾಳಿನ ಕೆಲಸ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಅಮೃತಹಳ್ಳಿಯಂಥ ಊರುಗಳತ್ತ ಬೆರಳು ತೋರಿಸಬೇಕು ಎಂಬುದು ಈ ಲೇಖನದ ವಾದ.

ಆ ಸಭೆಯ ಹೆಸರು ಸಲೇಷಿಯನ್. ಜನರ ಬಾಯಲ್ಲಿ ‘ಡಾನ್ ಬಾಸ್ಕೋ ಫಾದರ್‌ಗಳು’. ಸ್ಥಾಪಕರಾದ ಜಾನ್ ಬಾಸ್ಕೋ 1815ರಲ್ಲಿ ಇಟಲಿಯ ರೈತ ಕುಟುಂಬದಲ್ಲಿ ಹುಟ್ಟಿದವರು. ಗುರುದೀಕ್ಷೆ ಪಡೆದದ್ದು 1841ರಲ್ಲಿ. ಅದೇ ವರ್ಷದ ಡಿಸೆಂಬರ್ 8ರಂದು ಟ್ಯೂರಿನ್ ನಗರದ ಚರ್ಚೊಂದರಲ್ಲಿ ಅವರಿಗೆ ಸಿಕ್ಕ ಮೊದಲ ಹುಡುಗ ಬಾರ್ತೊಲೊಮಿಯೊ ಗರೆಲ್ಲಿ. ಹದಿನಾರರ ವಯಸ್ಸು, ತಂದೆತಾಯಿ ಇಲ್ಲ, ಓದುಬರಹ ಬಾರದು, ಮಾಡುತ್ತಿದ್ದದ್ದು ಗಾರೆ ಕೆಲಸ. ಅಂದು ಟ್ಯೂರಿನ್ ವೇಗವಾಗಿ ಬೆಳೆಯುತ್ತಿತ್ತು. ಸುತ್ತಲಿನ ಹಳ್ಳಿಗಳಿಂದ ಹುಡುಗರು ಕಲ್ಲು, ಗಾರೆ ಹೊರಲು ಬರುತ್ತಿದ್ದರು. ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಹಾಗಾಗಿ ಬಾಸ್ಕೋ ತಮ್ಮ ಕೆಲಸವನ್ನು ಭಾನುವಾರದಿಂದಲೇ ಶುರುಮಾಡಿದರು: ಆಟ, ಪಾಠ, ಪ್ರಾರ್ಥನೆ, ಒಂದಿಷ್ಟು ಮಾತು. ಹುಡುಗರ ಗದ್ದಲ ತಾಳದೆ ನೆರೆಹೊರೆಯವರು ದೂರು ಕೊಟ್ಟು ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಓಡಿಸಿದರು. ಕೊನೆಗೆ 1846ರ ಈಸ್ಟರ್ ಹೊತ್ತಿಗೆ ವಾಲ್ಡೊಕ್ಕೊ ಎಂಬಲ್ಲಿ ಅವರಿಗೆ ಬಾಡಿಗೆಗೆ ಸಿಕ್ಕ ನೆಲೆಯೂ ಒಂದು ಶೆಡ್ಡೇ. 1859ರಲ್ಲಿ ಸಲೇಷಿಯನ್ ಸಭೆ ರೂಪುಗೊಂಡಿತು. 1872ರಲ್ಲಿ ಹೆಣ್ಣುಮಕ್ಕಳಿಗಾಗಿ ದುಡಿಯುವ ಸಿಸ್ಟರುಗಳ ಸಭೆಯೂ ಹುಟ್ಟಿತು.

ಈ ಮನುಷ್ಯನ ಮನಸ್ಸನ್ನು ತಿಳಿಯಲು ಪ್ರವಚನಗಳಿಗಿಂತ ಒಂದು ಛಾಪಾ ಕಾಗದ ಹೆಚ್ಚು ನೆರವಾಗುತ್ತದೆ. 1852ರ ಫೆಬ್ರವರಿ 8ರಂದು ಬರ್ತೊಲಿನೊ ಎಂಬ ಬಡಗಿ ಮತ್ತು ಅವನ ಬಳಿ ಕೆಲಸ ಕಲಿಯಬಂದ ಒಡಾಸ್ಸೊ ಎಂಬ ಹುಡುಗನ ನಡುವೆ, ಬಾಸ್ಕೋ ಸಮಕ್ಷಮದಲ್ಲಿ ಆದ ಕರಾರುಪತ್ರ ಅದು. ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಬೇರೆ ರೀತಿಯಿಂದಲ್ಲ. ಕಸುಬಿಗೆ ಸಂಬಂಧಪಡದ ಚಾಕರಿ ಹೇಳುವಂತಿಲ್ಲ. ಹಬ್ಬದ ದಿನಗಳು ಅವನವೇ. ವರ್ಷಕ್ಕೆ ಹದಿನೈದು ದಿನ ರಜೆ. ಕೈ ಕುದುರಿದಂತೆ ಕೂಲಿ ಏರಬೇಕು. ಅದಕ್ಕೂ ಮುಂಚೆ, ಟ್ಯೂರಿನ್ ಇದ್ದ ರಾಜ್ಯದಲ್ಲಿ ಹೊಸ ಮೆಟ್ರಿಕ್ ಅಳತೆ ಜಾರಿಗೆ ಬರುವ ಹೊತ್ತಿಗೆ, ಕೂಲಿಯ ಹುಡುಗರು ತೂಕ, ಲೆಕ್ಕದಲ್ಲಿ ಮೋಸಹೋಗದಿರಲೆಂದು ಬಾಸ್ಕೋ ಆ ಪದ್ಧತಿಯ ಮೇಲೆ ಸರಳವಾದ ಪುಸ್ತಕವನ್ನೇ ಬರೆದಿದ್ದರು. ಪರಲೋಕದ ಚಿಂತೆಯ ಜೊತೆಗೆ ಹುಡುಗನ ಬಟವಾಡೆಯ ಚಿಂತೆಯನ್ನೂ ಒಂದೇ ತೂಕದಲ್ಲಿ ಹಿಡಿದ ಗುರು ಅವರು. ಸಭೆಯ ಮೂಲ ಬಂಡವಾಳ ಇದೇ.

ಓಣಿಯ ಕಾಲ

ಸಲೇಷಿಯನ್ನರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. 1979ರಲ್ಲಿ ಸಭೆಯ ಮದ್ರಾಸ್ ಪ್ರಾಂತ್ಯದಿಂದ ಬೇರ್ಪಟ್ಟು ಬೆಂಗಳೂರು ಪ್ರಾಂತ್ಯ ರೂಪುಗೊಂಡಿತು. ಮರುವರ್ಷವೇ, 1980ರಲ್ಲಿ, ಸಭೆಯದೇ ಆದ ಕ್ರಿಸ್ತು ಜ್ಯೋತಿ ಕಾಲೇಜಿನಲ್ಲಿ ದೇವಶಾಸ್ತ್ರ ಓದುತ್ತಿದ್ದ ತರುಣರು ನಗರದ ಬೀದಿಗಳಲ್ಲಿ ಚಿಂದಿ ಆಯುವ ಮಕ್ಕಳ ಸ್ನೇಹ ಬೆಳೆಸತೊಡಗಿದರು. ಆ ಕೆಲಸಕ್ಕೆ ಅವರು ಇಟ್ಟ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. ಅದರ ಇಂಗ್ಲಿಷ್ ಮೊದಲಕ್ಷರಗಳು ಕೂಡಿದರೆ ‘ಬಾಸ್ಕೋ’. ‘ಅನಾಥರು’, ‘ಪುಂಡರು’ ಎನ್ನುವ ಮಾತುಗಳು ಸುಲಭವಾಗಿ ಬಾಯಿಗೆ ಬರುತ್ತಿದ್ದ ಕಾಲದಲ್ಲಿ ‘ಓಣಿಯವರು’ ಎಂದು ಕರೆದದ್ದೇ ಒಂದು ನಿಲುವು. ಓಣಿಯವರು ಎಂದರೆ ನೆರೆಯವರು, ನಮ್ಮವರು. ನಂತರದ ದಶಕಗಳಲ್ಲಿ ರೈಲು, ಬಸ್ ನಿಲ್ದಾಣಗಳಲ್ಲಿ ಮನೆ ಬಿಟ್ಟು ಬಂದ ಮಕ್ಕಳನ್ನು ಗುರುತಿಸುವುದು, ತಂಗುದಾಣ ನಡೆಸುವುದು, ಊರು ಪತ್ತೆಹಚ್ಚಿ ಮನೆಗೆ ಮುಟ್ಟಿಸುವುದು ಈ ಕೂಟದ ದಿನನಿತ್ಯದ ಕೆಲಸವಾಯಿತು.

ಇಂಥ ಕೂಟಗಳು ದೇಶದ ಹಲವೆಡೆ ದುಡಿದದ್ದರ ಫಲವನ್ನು ಇಂದು ಕಾನೂನಿನಲ್ಲಿ ಕಾಣಬಹುದು. 2000ದ, ಆಮೇಲೆ 2015ರ ಬಾಲನ್ಯಾಯ ಕಾಯ್ದೆಗಳು ಬಂದವು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಬಂತು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ 1098 ಸಹಾಯವಾಣಿಯನ್ನು ವರ್ಷಗಟ್ಟಲೆ ಸ್ವಯಂಸೇವಾ ಸಂಸ್ಥೆಗಳು ಹೊತ್ತು ನಡೆಸಿದವು. 2023ರಿಂದ ಸರ್ಕಾರವೇ ಅದನ್ನು ವಹಿಸಿಕೊಂಡಿದೆ. ಇದನ್ನು ಸೇವಾ ಸಂಸ್ಥೆಗಳ ಹಿನ್ನಡೆ ಎಂದು ಎಣಿಸಬೇಕಿಲ್ಲ. ದಾರಿ ಮಾಡಿದವನ ಹಿಂದೆ ಸರ್ಕಾರ ಬಂದು ರಸ್ತೆ ಹಾಕಿತು ಎಂದರೆ ದಾರಿ ಮಾಡಿದ್ದು ಸಾರ್ಥಕವಾಯಿತು. ಆದರೆ ದಾರಿ ಮಾಡುವವನು ಇನ್ನು ಅಲ್ಲೇ ಕೂರಬಾರದು. ರಸ್ತೆ ಇಲ್ಲದ ಕಡೆಗೆ ಹೆಜ್ಜೆ ಹಾಕಬೇಕು.

ಹದಿನೆಂಟರ ಆಚೆ

ರಸ್ತೆ ಇಲ್ಲದ ಆ ಕಡೆ ಯಾವುದು? ಹದಿನೆಂಟು ತುಂಬಿದ ಮರುದಿನ. ಪಾಲನಾ ಸಂಸ್ಥೆಯಲ್ಲಿ ಬೆಳೆದವರಿಗೆ 21ರವರೆಗೆ ನೆರವು ನೀಡಲು ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಎಂದೂ ಯಾವ ಸಂಸ್ಥೆಯ ಮೆಟ್ಟಿಲು ಹತ್ತದೆ, ಹತ್ತನೇ ತರಗತಿ ಬಿಟ್ಟು ನೇರ ಶೆಡ್ಡಿಗೆ ಬಂದವನಿಗೆ ಅದೂ ಇಲ್ಲ. 2024ರ ಜನವರಿಯಲ್ಲಿ ಶುರುವಾದ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುತ್ತದೆ. ಓದು ನಡುವೆ ನಿಂತವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯಕ್ಕೆ ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರಬೇಕು, ಅದಕ್ಕೆ ದಾಖಲೆ ಬೇಕು. ತಿಂಗಳಿಗೊಂದು ಸೈಟು, ಸೈಟಿಗೊಬ್ಬ ಕಂಟ್ರಾಕ್ಟರ್ ಎಂದು ಅಲೆಯುವ ಹುಡುಗನಿಗೆ ಯಾರು ಸಹಿ ಹಾಕಿಕೊಡುತ್ತಾರೆ? ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ, ಒಳ್ಳೆಯದೇ. ಆದರೆ ಕಾಯ್ದೆಗೂ ಕೂಲಿಗೂ ನಡುವೆ ಓದಿ ಹೇಳುವ, ಅರ್ಜಿ ತುಂಬಿಸುವ, ಬಟವಾಡೆ ತಪ್ಪಿದರೆ ಜೊತೆಗೆ ಹೋಗಿ ಕೇಳುವ ಒಬ್ಬ ಮನುಷ್ಯ ಬೇಕು. ಟ್ಯೂರಿನ್ನಿನ ಬಡಗಿಯ ಆ ಕರಾರಿನಲ್ಲಿ ಬಾಸ್ಕೋ ನಿಂತದ್ದು ಆ ಮನುಷ್ಯನ ಜಾಗದಲ್ಲಿ.

ಈ ಕೆಲಸಕ್ಕೆ ಸಲೇಷಿಯನ್ನರೇ ಯಾಕೆ ಎಂಬುದಕ್ಕೆ ಭೂಪಟವೇ ಉತ್ತರ. ಉತ್ತರ ಬೆಂಗಳೂರಿನ ಶೆಡ್ಡುಗಳಿಗೆ ಜನ ಬರುವ ಕಲ್ಯಾಣ ಕರ್ನಾಟಕದಲ್ಲಿ, ಬೀದರ್, ಕಲಬುರಗಿ, ಯಾದಗಿರಿ, ದೇವದುರ್ಗ, ಹೊಸಪೇಟೆಗಳಲ್ಲಿ, ಅವರ ಕೇಂದ್ರಗಳಿವೆ. ಇತ್ತ ಚಿತ್ರದುರ್ಗ, ದಾವಣಗೆರೆಗಳಲ್ಲೂ ಇವೆ. ಇವನ್ನೆಲ್ಲ ಹೆಣೆಯುವ ‘ಬ್ರೆಡ್ಸ್’ ಎಂಬ ಅಭಿವೃದ್ಧಿ ಸಂಸ್ಥೆ ಬೆಂಗಳೂರಿನಲ್ಲಿದೆ. ಬಸ್ಸು ಹತ್ತುವ ಊರು, ಬಸ್ಸು ಇಳಿಯುವ ಊರು ಎರಡರಲ್ಲೂ ಮನೆಯಿರುವ ಸಂಸ್ಥೆಗಳು ನಮ್ಮಲ್ಲಿ ವಿರಳ. ದೇವದುರ್ಗದಲ್ಲಿ ಹೊರಡುವ ಮುಂಚೆಯೇ ಹುಡುಗನ ಆಧಾರ್, ಬ್ಯಾಂಕ್ ಖಾತೆ, ಇ-ಶ್ರಮ್ ನೋಂದಣಿ ಸರಿಮಾಡಿ, ಇಲ್ಲಿ ಇಳಿದಾಗ ಒಂದು ಪರಿಚಯದ ಮುಖ ಸಿಗುವಂತೆ ಮಾಡಬಹುದು. ‘ಓಣಿ’ ಎನ್ನುವ ಮಾತು ಆ ಸೀಮೆಯವರ ದಿನಬಳಕೆಯದು. ನಾಲ್ಕು ದಶಕದ ಹಿಂದೆ ಇಟ್ಟ ಹೆಸರು ಈಗ ತನ್ನ ನಿಜವಾದ ವಾರಸುದಾರರನ್ನು ಕಾಯುತ್ತಿರುವಂತಿದೆ.

ಮೂರು ಆಕ್ಷೇಪಗಳು

ಮೊದಲನೆಯದು ಸಭೆಯ ಒಳಗಿನಿಂದಲೇ ಏಳಬಹುದಾದ ಮಾತು: ನಮ್ಮ ಶಾಲೆಗಳು ಸಾವಿರಾರು ಮಕ್ಕಳನ್ನು ಓದಿಸುತ್ತಿವೆ, ಅವೂ ಯುವಜನ ಸೇವೆಯೇ ಅಲ್ಲವೇ? ಹೌದು. ಒಳ್ಳೆಯ ಶಾಲೆಯ ಬೆಲೆ ಕಡಿಮೆ ಮಾಡಬೇಕಿಲ್ಲ. ಆದರೆ ಉತ್ತರ ಬೆಂಗಳೂರಿನಲ್ಲಿ ಫೀಸು ಕಟ್ಟಬಲ್ಲವರಿಗೆ ಶಾಲೆಗಳ ಕೊರತೆಯಿಲ್ಲ. ಇನ್ನೊಬ್ಬರು ಮಾಡಬಲ್ಲ, ಮಾಡುತ್ತಿರುವ ಕೆಲಸಕ್ಕೆ ಸನ್ಯಾಸಿಯ ಜೀವ ಸವೆಯಬೇಕೇ ಎಂಬುದು ಪ್ರಶ್ನೆ. ಲಾಭವಿಲ್ಲದ, ಹೆಸರು ಬರದ, ಯಾರೂ ಮುಂದಾಗದ ಕೆಲಸಕ್ಕೆ ಇಡೀ ಬದುಕನ್ನು ಕೊಡುವುದಕ್ಕೆಂದೇ ಇಂಥ ಸಭೆಗಳು ಹುಟ್ಟಿದವು.

ಎರಡನೆಯದು ಹೊರಗಿನ ಶಂಕೆ: ಸೇವೆಯ ಹೆಸರಿನಲ್ಲಿ ಮತಾಂತರ ನಡೆದರೆ? ಶಂಕೆಯನ್ನು ತಳ್ಳಿಹಾಕದೆ ಉತ್ತರಿಸಬೇಕು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಶೆಡ್ಡಿನ ಕೆಲಸ ಶಾಲೆಯಲ್ಲದಿದ್ದರೂ ಅದೇ ಗೆರೆಯನ್ನು ಅಲ್ಲೂ ಕಟ್ಟುನಿಟ್ಟಾಗಿ ಎಳೆದುಕೊಳ್ಳುವುದು ಸಭೆಗೂ ಶ್ರೇಯಸ್ಸು. ಬಾಸ್ಕೋ 1877ರಲ್ಲಿ ಬರೆದಿಟ್ಟ ‘ಮುನ್ನೆಚ್ಚರಿಕೆಯ ಪದ್ಧತಿ’ ವಿವೇಕ, ಧರ್ಮ, ಅಕ್ಕರೆ ಎಂಬ ಮೂರು ಕಂಬಗಳ ಮೇಲೆ ನಿಂತಿದೆ. ಹುಲಿಗೆಮ್ಮನಿಗೆ ಕೈಮುಗಿಯುವವನೂ ಐದು ಹೊತ್ತು ನಮಾಜು ಮಾಡುವವನೂ ಒಂದೇ ಶೆಡ್ಡಿನಲ್ಲಿ ಮಲಗುವ ಕಡೆ ಧರ್ಮವೆಂದರೆ ಅವರವರ ನಂಬಿಕೆಯನ್ನು ಗೌರವದಿಂದ ಕಾಯುವುದೇ ಆಗಬೇಕು. ಲೆಕ್ಕಪತ್ರ ಬಯಲಲ್ಲಿಟ್ಟು, ಕದ ತೆರೆದಿಟ್ಟು ದುಡಿದರೆ ಶಂಕೆಗೆ ಅದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಮೂರನೆಯದು ಬಲದ ಪ್ರಶ್ನೆ. 1960ರ ದಶಕದಲ್ಲಿ ಜಗತ್ತಿನಾದ್ಯಂತ 20 ಸಾವಿರ ದಾಟಿದ್ದ ಸಲೇಷಿಯನ್ನರು ಈಗ 14 ಸಾವಿರದ ಆಸುಪಾಸಿನಲ್ಲಿದ್ದಾರೆ. 2025ರಲ್ಲಿ ಟ್ಯೂರಿನ್ನಿನಲ್ಲಿ ನಡೆದ 29ನೇ ಮಹಾಸಭೆ ಮಾಲ್ಟಾ ದೇಶದ ಫ್ಯಾಬಿಯೊ ಅಟ್ಟಾರ್ಡ್ ಅವರನ್ನು ಬಾಸ್ಕೋ ಅವರ 11ನೇ ಉತ್ತರಾಧಿಕಾರಿಯಾಗಿ ಆರಿಸಿತು. ಅವರ ಕೈಗೆ ಬಂದಿರುವುದು ಚಿಕ್ಕದಾಗುತ್ತಿರುವ ಸಂಸಾರ. ಹೊಸ ಕೆಲಸಕ್ಕೆ ಆಳೆಲ್ಲಿ? ಉತ್ತರ 1996ರ ಮಹಾಸಭೆಯಲ್ಲೇ ಇದೆ: ಗೃಹಸ್ಥರನ್ನು ಸಹಾಯಕರೆಂದಲ್ಲ, ಧ್ಯೇಯದ ಪಾಲುದಾರರೆಂದು ಕಾಣಬೇಕು ಎಂಬ ನಿಲುವು ಅದು. ಶೆಡ್ಡಿನ ಕೆಲಸಕ್ಕೆ ಕಟ್ಟಡಕ್ಕಿಂತ ಮನುಷ್ಯರು ಮುಖ್ಯ. ಗುರುಗಳಿಗಿಂತ ಹೆಚ್ಚಾಗಿ ವಕೀಲರು, ದಾದಿಯರು, ನಿವೃತ್ತ ಮೇಸ್ಟ್ರುಗಳು, ಅದೇ ಶೆಡ್ಡಿನಿಂದ ಮೇಲೆ ಬಂದ ಎಲೆಕ್ಟ್ರಿಷಿಯನ್ನರು ಬೇಕು. ಹುಡುಗಿಯರ ಕಷ್ಟಸುಖ ಕೇಳಲು ಸಿಸ್ಟರುಗಳೂ ಹೆಂಗಸರೂ ಮುಂದೆ ನಿಲ್ಲಬೇಕು. ಸಭೆ ಕೊಡಬೇಕಾದದ್ದು ಒಬ್ಬಿಬ್ಬರನ್ನು ಮತ್ತು ತನ್ನ ಪದ್ಧತಿಯನ್ನು.

ಶುರುಮಾಡಲು ಕೋಟಿಗಳ ಯೋಜನೆ ಬೇಕಿಲ್ಲ. ಬಾಸ್ಕೋಗೆ ಬೇಕಾದದ್ದು ಒಂದು ಅಂಗಳ, ಒಂದು ಭಾನುವಾರ. ನಮ್ಮ ಬಡಾವಣೆಗಳಲ್ಲಿ ಶಾಲೆಗಳ ಆಟದ ಮೈದಾನಗಳಿವೆ. ಭಾನುವಾರ ಅವುಗಳಿಗೆ ಬೀಗ. ಅದೇ ಭಾನುವಾರ ಆ ಶಾಲೆಗಳ ಗೋಡೆ ಕಟ್ಟಿದ ಹುಡುಗರು ಮೊಬೈಲು ಹಿಡಿದು ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಾರೆ. ಚರ್ಚು ನಡೆಸುವ ಶಾಲೆಯಾಗಲಿ, ಮಠದ್ದಾಗಲಿ, ಖಾಸಗಿಯಾಗಲಿ, ಮೈದಾನದ ಗೇಟನ್ನು ಭಾನುವಾರ ಮಧ್ಯಾಹ್ನ ಮೂರು ಗಂಟೆ ತೆರೆದಿಡಿ. ಒಂದು ಚೆಂಡು, ಕುಡಿಯುವ ನೀರು, ಅರ್ಜಿ ಬರೆದುಕೊಡಲು ಒಂದು ಮೇಜು ಇರಲಿ. ಗದ್ದಲವಾಗುತ್ತದೆ ಎಂದು ನಿವಾಸಿಗಳು ದೂರು ಕೊಡುವ ಮುಂಚೆ ನೆನೆಯಬೇಕಾದದ್ದು ಇಷ್ಟೇ: ನಾವು ಇರುವ ಮನೆಗಳನ್ನು ಕಟ್ಟಿದವರು ಅವರು, ನಮ್ಮ ಓಣಿಯವರು.