ಇಂಗಾಲವಿಲ್ಲದೆ ಕಬ್ಬಿಣ

ಉಕ್ಕಿನ ಕಾರ್ಖಾನೆಗೆ ಸೌರವಿದ್ಯುತ್ ಕೊಟ್ಟರೆ ಅದರ ಹೊಗೆ ನಿಂತೀತು ಎಂದು ಅನೇಕರು ನಂಬಿದ್ದಾರೆ. ಅದು ಅರ್ಧ ನಿಜ. ಸಂಡೂರಿನ ಗಣಿಗಳಲ್ಲಿ ಸಿಗುವ ಹೆಮಟೈಟ್ ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಂದಿಗೆ ಬೆಸೆದುಕೊಂಡಿರುತ್ತದೆ. ಶುದ್ಧ ಹೆಮಟೈಟಿನ ತೂಕದಲ್ಲಿ ಶೇ. 30ರಷ್ಟು ಆಮ್ಲಜನಕವೇ. ಕುಲುಮೆಯ ಶಾಖವೊಂದಕ್ಕೇ ಈ ಬೆಸುಗೆ ಬಿಡುವುದಿಲ್ಲ, ಆಮ್ಲಜನಕವನ್ನು ತನ್ನತ್ತ ಸೆಳೆದುಕೊಳ್ಳುವ ಇನ್ನೊಂದು ವಸ್ತು ಬೇಕು. ಊದುಕುಲುಮೆಯಲ್ಲಿ ಆ ಕೆಲಸ ಕಲ್ಲಿದ್ದಲಿನಿಂದ ಮಾಡಿದ ಕೋಕ್‌ನದು. ಅದು ಕಾರ್ಬನ್ ಮಾನಾಕ್ಸೈಡ್ ಆಗಿ, ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಹೀಗೆ ತಯಾರಾಗುವ ಒಂದೊಂದು ಟನ್ ಉಕ್ಕಿನ ಹಿಂದೆ ಎರಡು ಟನ್‌ಗೂ ಮಿಕ್ಕಿ ಈ ಅನಿಲವಿದೆ.

ಶಾಖವೊಂದೇ ಸಾಲದೆಂಬುದಕ್ಕೆ ಒಳ್ಳೆಯ ಪುರಾವೆ ಭದ್ರಾವತಿಯಲ್ಲೇ ಇದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿತ್ತು. 1950ರ ದಶಕದಲ್ಲಿ ಅಲ್ಲಿ ಬೀಡು ಕಬ್ಬಿಣಕ್ಕೆ ವಿದ್ಯುತ್ ಕುಲುಮೆಗಳು ಬಂದವು. ಶಾಖವನ್ನು ವಿದ್ಯುತ್ತು ಕೊಟ್ಟಿತು, ಆಮ್ಲಜನಕ ಬಿಡಿಸಲು ಮಾತ್ರ ಇಂಗಾಲವೇ ಬೇಕಾಯಿತು. ಹಾಗಾದರೆ ಮತ್ತೆ ಇದ್ದಿಲಿಗೇ ಮರಳಬಾರದೇಕೆ, ಮರ ಬೆಳೆದು ಇಂಗಾಲವನ್ನು ಹಿಂದಕ್ಕೆ ಹೀರುತ್ತದಲ್ಲವೇ ಎಂದು ಕೇಳಬಹುದು. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಇದ್ದಿಲಿನಿಂದ ಇಂದಿಗೂ ಕಬ್ಬಿಣ ತೆಗೆಯುತ್ತಾರೆ. ಆದರೆ ವರ್ಷಕ್ಕೆ 15 ಕೋಟಿ ಟನ್ ಆಸುಪಾಸು ಉಕ್ಕು ಮಾಡುವ ಭಾರತಕ್ಕೆ ಅಷ್ಟು ತೋಪು ಎಲ್ಲಿಂದ ಬರಬೇಕು? ಅನ್ನ ಬೆಳೆಯುವ ಹೊಲವನ್ನೋ ಉಳಿದಿರುವ ಕಾಡನ್ನೋ ಅದಕ್ಕೆ ಒಪ್ಪಿಸುವುದು ಸಲ್ಲದು.

ಉಳಿದಿರುವ ಗಟ್ಟಿ ಹಾದಿ ಜಲಜನಕದ್ದು. ಅದಿರಿನ ಆಮ್ಲಜನಕದೊಂದಿಗೆ ಅದು ಕೂಡಿದರೆ ಹುಟ್ಟುವುದು ನೀರು. ಸ್ವೀಡನ್ನಿನ ಲುಲಿಯೊದಲ್ಲಿ ಹೈಬ್ರಿಟ್ ಯೋಜನೆ 2021ರಲ್ಲಿ ಈ ವಿಧಾನದಿಂದ ಸ್ಪಾಂಜ್ ಕಬ್ಬಿಣ ತೆಗೆದು ತೋರಿಸಿದೆ. ತೊಡಕಿರುವುದು ವಿದ್ಯುತ್ತಿನಲ್ಲಿ. ಟನ್ ಕಬ್ಬಿಣಕ್ಕೆ 50 ಕಿಲೋಗಿಂತ ಹೆಚ್ಚು ಜಲಜನಕ ಬೇಕು. ನೀರನ್ನು ಒಡೆದು ಒಂದು ಕಿಲೋ ಪಡೆಯಲು ಸುಮಾರು 50 ಯೂನಿಟ್ ಖರ್ಚು. ಅಂದರೆ ಎರಡೂವರೆ ಸಾವಿರ ಯೂನಿಟ್‌ಗೂ ಮೇಲೆ. ಅದನ್ನು ಕಲ್ಲಿದ್ದಲಿನ ಸ್ಥಾವರದಿಂದ ತಂದರೆ ಮಾಲಿನ್ಯ ಉಕ್ಕಿನ ಊರಿನಿಂದ ವಿದ್ಯುತ್ತಿನ ಊರಿಗೆ ಸ್ಥಳಾಂತರವಾದೀತು, ಕಡಿಮೆಯಾಗದು. ಬಿಸಿಲೂ ಗಾಳಿಯೂ ಅದಿರೂ ಹತ್ತಿರ ಹತ್ತಿರವಿರುವ ಬಳ್ಳಾರಿ, ಕೊಪ್ಪಳ ಸೀಮೆಗೆ ಇಲ್ಲಿ ನಿಜವಾದ ಅನುಕೂಲವಿದೆ.

ಗುಜರಿ ಕರಗಿಸಿದರೆ ಸಾಲದೇ ಎಂಬ ಪ್ರಶ್ನೆಯೂ ಇದೆ. ಗುಜರಿಯ ಆಮ್ಲಜನಕ ಹಿಂದೆಯೇ ಹೋಗಿರುವುದರಿಂದ ವಿದ್ಯುತ್ತು ತೀರ ಕಡಿಮೆ ಸಾಕು. ಅದರ ಒಂದು ತುಣುಕೂ ವ್ಯರ್ಥವಾಗಬಾರದು. ಆದರೆ ಸೇತುವೆ, ಕಟ್ಟಡಗಳನ್ನು ಇನ್ನೂ ಕಟ್ಟುತ್ತಿರುವ ದೇಶದಲ್ಲಿ ಒಡೆಯುವ ಹಳತು ಸಾಕಷ್ಟಿರುವುದಿಲ್ಲ. ಜಲಜನಕದಿಂದ ತೆಗೆದ ಉಕ್ಕಿಗೆ ಬೆಲೆ ಹೆಚ್ಚೆಂಬ ಆಕ್ಷೇಪ ಸರಿಯೇ. ಆದರೆ ಇಂದು ಕಟ್ಟಿದ ಊದುಕುಲುಮೆ ದಶಕಗಟ್ಟಲೆ ಕೋಕ್ ಬೇಡುತ್ತದೆ. ಟನ್ನಿಗೆ 2.2 ಟನ್‌ಗಿಂತ ಕಡಿಮೆ ಕಾರ್ಬನ್ ಡೈಆಕ್ಸೈಡ್ ಹೊರಸೂಸಿ ತಯಾರಾದ ಉಕ್ಕನ್ನು ಹಸಿರು ಉಕ್ಕೆಂದು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಗುರುತಿಸಿದೆ. ರೈಲು ಹಳಿ, ಮೆಟ್ರೊ, ಸೇತುವೆಗಳಿಗೆ ಉಕ್ಕು ಕೊಳ್ಳುವ ಸರ್ಕಾರವೇ ತನ್ನ ಟೆಂಡರುಗಳಲ್ಲಿ ಈ ಷರತ್ತನ್ನು ಕಡ್ಡಾಯ ಮಾಡಿ, ಮಿತಿಯನ್ನು ವರ್ಷದಿಂದ ವರ್ಷಕ್ಕೆ ಬಿಗಿಗೊಳಿಸಬೇಕು.